ಕಾರವಾರವನ್ನು ಒಂದೇ ದಿನದಲ್ಲಿ ನಡೆದುಕೊಂಡೇ ನೋಡಬೇಕೆಂದರೆ ಎಲ್ಲಿಂದ ಹೊರಡಬೇಕು?

ಪ್ರಶ್ನೆ (ಶಿರಸಿಯ ಶಿಕ್ಷಕಿ)

ಎಲ್ಲರಿಗೂ ನಮಸ್ಕಾರ. ಬರುವ ಡಿಸೆಂಬರ್ ಕೊನೆಯ ವಾರದಲ್ಲಿ ನನ್ನ ಆಯಿಯನ್ನೂ (ಅಮ್ಮನನ್ನೂ) ಒಂಬತ್ತನೇ ತರಗತಿಯಲ್ಲಿ ಓದುತ್ತಿರುವ ಮಗಳನ್ನೂ ಕರೆದುಕೊಂಡು ಕಾರವಾರ ನೋಡಲು ಬರುವವಳಿದ್ದೇನೆ. ನಮ್ಮದು ಶಿರಸಿಯ ಹತ್ತಿರದ ಹಳ್ಳಿ. ಜಿಲ್ಲಾ ಕೇಂದ್ರವೆಂಬ ಕಾರಣಕ್ಕೆ ಕಚೇರಿ ಕೆಲಸದ ಮೇಲೆ ಹತ್ತಾರು ಸಲ ಬಂದು ಹೋಗಿದ್ದರೂ, ಬಸ್ ನಿಲ್ದಾಣದಿಂದ ಜಿಲ್ಲಾಧಿಕಾರಿ ಕಚೇರಿ, ಅಲ್ಲಿಂದ ಮರಳಿ ಬಸ್ ನಿಲ್ದಾಣ, ಇಷ್ಟರಾಚೆಗೆ ಆ ಊರು ನನಗೆ ಗೊತ್ತಿಲ್ಲ ಎಂದು ಹೇಳಿಕೊಳ್ಳಲು ಬೇಸರವಾಗುತ್ತದೆ.

ಮೂರು ವರ್ಷಗಳ ಹಿಂದೆ ಬಾಡಿಗೆ ಕಾರು ಮಾಡಿಕೊಂಡು ಮೂವರೂ ಕರಾವಳಿಗೆ ಇಳಿದಿದ್ದೆವು. ಯಾಣ, ಮಿರ್ಜಾನ ಕೋಟೆ, ಗೋಕರ್ಣ, ಕೊನೆಗೆ ಕಾರವಾರ ಎಂದು ಗಾಡಿಯವರು ಹಾಕಿಕೊಟ್ಟ ಪಟ್ಟಿಯಂತೆ ಓಡಿದ್ದಾಯಿತು. ಕಾರವಾರ ಮುಟ್ಟುವ ಹೊತ್ತಿಗೆ ಕತ್ತಲೆ ಕವಿದಿತ್ತು. ಯುದ್ಧನೌಕೆಯ ಎದುರು ನಿಂತು ಒಂದು ಫೋಟೊ ತೆಗೆಸಿಕೊಂಡು, ಇಪ್ಪತ್ತು ನಿಮಿಷದಲ್ಲಿ ಮತ್ತೆ ಗಾಡಿ ಹತ್ತಿದೆವು. ಆಯಿ ದಾರಿಯುದ್ದಕ್ಕೂ ಮಾತನಾಡಲಿಲ್ಲ. ಮನೆಗೆ ಬಂದ ಮೇಲೆ, ಸಮುದ್ರದ ನೀರನ್ನು ಕಾಲಿಗೆ ಮುಟ್ಟಿಸಿಕೊಳ್ಳಲೂ ಆಗಲಿಲ್ಲ ಎಂದಷ್ಟೇ ಹೇಳಿದರು. ಆ ಮಾತು ಇನ್ನೂ ನನ್ನ ಮನಸ್ಸಿನಲ್ಲಿ ಉಳಿದಿದೆ.

ಆದ್ದರಿಂದ ಈ ಸಲ ಗಾಡಿ ಬೇಡ, ಒಂದೇ ಊರು, ಒಂದು ಇಡೀ ದಿನ, ಸಾಧ್ಯವಾದಷ್ಟೂ ಕಾಲ್ನಡಿಗೆ ಎಂದು ನಿಶ್ಚಯಿಸಿದ್ದೇನೆ. ಆಯಿಗೆ 67 ವರ್ಷ. ತೋಟದ ಏರಿಳಿತದಲ್ಲಿ ದಿನವೂ ಓಡಾಡುವವರಾದ್ದರಿಂದ ನಡಿಗೆಗೆ ಅಂಜುವವರಲ್ಲ, ಆದರೆ ಕರಾವಳಿಯ ಬಿಸಿಲು, ಬೆವರು ಅವರಿಗೆ ಆಗಿಬರುವುದಿಲ್ಲ. ಯಾವ ತುದಿಯಿಂದ ಹೊರಟರೆ ಒಳ್ಳೆಯದು? ಕಾಳಿ ನದಿಯಾಚೆಯ ಸದಾಶಿವಗಡದ ಕೋಟೆಗೂ ನಡೆದೇ ಹೋಗಬಹುದೇ? ಮಧ್ಯಾಹ್ನದ ಹೊತ್ತನ್ನು ಎಲ್ಲಿ ಕಳೆಯುವುದು? ನಾವು ಸಸ್ಯಾಹಾರಿಗಳು. ಊರನ್ನು ಬಲ್ಲವರು ದಯವಿಟ್ಟು ತಿಳಿಸಬೇಕಾಗಿ ಕೋರುತ್ತೇನೆ.

ಉತ್ತರ (ಕೋಡಿಬಾಗ ನಿವಾಸಿ)

ತಂಗಿ, ನಿಮ್ಮ ಪ್ರಶ್ನೆಯನ್ನು ಓದಿ ಬಹಳ ಸಂತೋಷವಾಯಿತು. ಕಾರವಾರದಲ್ಲಿ ಏನೇನು ನೋಡಬೇಕು ಎಂದು ಕೇಳುವವರು ದಿನಕ್ಕೊಬ್ಬರು ಸಿಗುತ್ತಾರೆ, ಎಲ್ಲಿಂದ ನಡೆಯಲು ಶುರುಮಾಡಬೇಕು ಎಂದು ಕೇಳಿದವರು ನನಗೆ ತಿಳಿದಂತೆ ನೀವೇ ಮೊದಲಿಗರು. ಆದರೆ ಈ ಊರಿನ ಮಟ್ಟಿಗೆ ಕೇಳಬೇಕಾದದ್ದು ಈ ಎರಡನೆಯ ಪ್ರಶ್ನೆಯನ್ನೇ.

ಕಾರವಾರದ ನಕ್ಷೆಯನ್ನು ಒಮ್ಮೆ ಕಣ್ಣೆದುರು ಇಟ್ಟುಕೊಳ್ಳಿ. ಉತ್ತರಕ್ಕೆ ಕಾಳಿ ನದಿಯ ಅಳಿವೆ, ದಕ್ಷಿಣಕ್ಕೆ ಬೈತಖೋಲದ ಗುಡ್ಡ ಮತ್ತು ಬಂದರು, ಇವೆರಡರ ನಡುವೆ ಕುಡುಗೋಲಿನ ಹಾಗೆ ಬಾಗಿದ ಒಂದೇ ಮರಳ ದಂಡೆ. ಊರು ಈ ದಂಡೆಯ ಬೆನ್ನಿಗೆ ಆತು ಕುಳಿತಿದೆ. ಆದ್ದರಿಂದ ಇಲ್ಲಿ ಹಿಂದೆ ಮುಂದೆ ಅಲೆಯುವ ಅಗತ್ಯವಿಲ್ಲ. ನದಿ ಸಮುದ್ರ ಸೇರುವಲ್ಲಿ ಹೊರಟು, ದೋಣಿಗಳು ತಂಗುವಲ್ಲಿಗೆ ಮುಟ್ಟುವುದು, ಅಷ್ಟೇ ದಾರಿ. ನಾಲ್ಕೈದು ಕಿ.ಮೀ. ದಾಟದ ಈ ನಡಿಗೆಯಲ್ಲಿ ನೀವು ಕೇಳಿದ್ದೆಲ್ಲವೂ ಒಂದಾದ ಮೇಲೊಂದು ತಾವಾಗಿಯೇ ಎದುರಾಗುತ್ತವೆ.

ಉತ್ತರದಿಂದ ದಕ್ಷಿಣಕ್ಕೇ ನಡೆಯಿರಿ ಎನ್ನುವುದಕ್ಕೆ ಕಾರಣವಿದೆ. ಅಳಿವೆಯ ಬಳಿಯ ಕೋಡಿಬಾಗದ ಕಡೆ ಬೆಳಗಿನ ಜನಸಂಚಾರ ಕಡಿಮೆ, ಊರಿನ ಎದುರಿನ ದಂಡೆಯಲ್ಲಿ ಸಂಜೆಗೆ ಜನ, ದೀಪ, ತಿಂಡಿ ಗಾಡಿ ಎಲ್ಲವೂ ಇರುತ್ತವೆ. ಮೌನವನ್ನು ಮೊದಲು ಅನುಭವಿಸಿ, ಆಮೇಲೆ ಗದ್ದಲಕ್ಕೆ ಬಂದರೆ ಹಿತ. ಹೊರಡುವ ಹೊತ್ತು ಇನ್ನೂ ಮುಖ್ಯವಾದದ್ದು. ನಮ್ಮ ಸಮುದ್ರ ಪಶ್ಚಿಮಕ್ಕಿದೆ, ಗಾಳಿಮರಗಳ ಸಾಲು ಮರಳಿನ ಪೂರ್ವದ ಅಂಚಿಗಿದೆ. ಹಾಗಾಗಿ ಸೂರ್ಯ ಮೇಲೇರುವವರೆಗೆ ಆ ಮರಗಳ ನೆರಳು ಮರಳಿನ ಮೇಲೆಯೇ ಉದ್ದಕ್ಕೆ ಬಿದ್ದಿರುತ್ತದೆ. ಮಧ್ಯಾಹ್ನ ದಾಟಿದರೆ ಅದೇ ನೆರಳು ರಸ್ತೆಯ ಕಡೆಗೆ ಹೊರಳುತ್ತದೆ, ದಂಡೆಯಲ್ಲಿ ಕಾಲಿಡಲಾಗದಷ್ಟು ಕಾವು. ಬೆಳಿಗ್ಗೆ ಆರೂವರೆಗೆ ಕೋಡಿಬಾಗದಲ್ಲಿದ್ದು ಒಂಬತ್ತೂವರೆಯೊಳಗೆ ಮರಳಿನ ನಡಿಗೆ ಮುಗಿಸಿದರೆ ನಿಮ್ಮ ಆಯಿಗೆ ಬಿಸಿಲಿನ ತೊಂದರೆ ಆಗದು.

ಇದಕ್ಕಾಗಿ ಹಿಂದಿನ ರಾತ್ರಿಯೇ ಬಂದು ಕಾರವಾರದಲ್ಲಿ ಉಳಿಯಬೇಕು. ಶಿರಸಿಯಿಂದ ಕುಮಟಾ, ಅಂಕೋಲಾ ಹಾದು 120 ಕಿ.ಮೀ.ಗೂ ಮಿಕ್ಕಿದ ದಾರಿ. ದೇವಿಮನೆ ಘಟ್ಟವನ್ನು ಬೆಳಗಿನ ಬಸ್ಸಿನಲ್ಲಿ ಇಳಿದು ಬಂದರೆ, ನೀವು ಮುಟ್ಟುವ ಹೊತ್ತಿಗೆ ದಿನದ ಒಳ್ಳೆಯ ಭಾಗವೇ ಕಳೆದಿರುತ್ತದೆ.

ಉಬ್ಬರ ಇಳಿತದ ಹೊತ್ತನ್ನೂ ಮೊದಲೇ ನೋಡಿಕೊಳ್ಳಿ. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ, ಮತ್ತು ಅವುಗಳ ವೇಳೆ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಹಿಂದೆ ಬೀಳುತ್ತದೆ. ಇಳಿತದ ವೇಳೆಯಲ್ಲಿ ನೀರು ಬಿಟ್ಟುಹೋದ ಒದ್ದೆ ಮರಳು ಗಟ್ಟಿಯಾಗಿ, ಸಗಣಿ ಸಾರಿಸಿದ ಅಂಗಳದಂತೆ ನಡೆಯಲು ಹಿತವಾಗಿರುತ್ತದೆ. ಉಬ್ಬರ ಪೂರ್ಣವಾಗಿದ್ದರೆ ಮೇಲಿನ ಸಡಿಲ ಮರಳಿನಲ್ಲೇ ನಡೆಯಬೇಕಾಗುತ್ತದೆ, ಅಲ್ಲಿ ಹೆಜ್ಜೆ ಹೂತು ವಯಸ್ಸಾದವರ ಮೀನಖಂಡ ಬೇಗ ಸೋಲುತ್ತದೆ. ವಾಸ್ತವ್ಯ ಹೂಡುವ ದಿನ ಸಂಜೆ ದಂಡೆಯಲ್ಲಿರುವ ಯಾವ ಮೀನುಗಾರರನ್ನು ಕೇಳಿದರೂ ಮರುದಿನದ ಇಳಿತದ ವೇಳೆಯನ್ನು ಸರಿಯಾಗಿ ಹೇಳುತ್ತಾರೆ. ಆದರೆ ಅಳಿವೆಯ ತುದಿಯಲ್ಲಿ ಮಾತ್ರ ನೀರಿಗಿಳಿಯಬೇಡಿ. ನದಿಯ ಸೆಳೆತವೂ ಸಮುದ್ರದ ಅಲೆಯೂ ಅಲ್ಲಿ ಒಂದಕ್ಕೊಂದು ಎದುರಾಗುತ್ತವೆ, ನೋಡಲು ಶಾಂತವಾಗಿದ್ದರೂ ಮರಳು ಕಾಲಡಿಯಿಂದ ಜಾರುತ್ತದೆ. ಆಯಿಯ ಕಾಲಿಗೆ ನೀರು ಮುಟ್ಟಿಸುವ ಕೆಲಸವನ್ನು ಅರ್ಧ ಕಿ.ಮೀ. ದಕ್ಷಿಣಕ್ಕೆ ಬಂದ ಮೇಲೆ ಇಟ್ಟುಕೊಳ್ಳಿ.

ಅಳಿವೆಯ ಬಳಿ ಒಂದರ್ಧ ಗಂಟೆ ಕುಳಿತುಕೊಳ್ಳಿ ಎಂದು ಒತ್ತಾಯಿಸುತ್ತೇನೆ. ಜೋಯಿಡಾ ತಾಲ್ಲೂಕಿನ ಡಿಗ್ಗಿಯ ಬಳಿ ಹುಟ್ಟಿ, 184 ಕಿ.ಮೀ. ಹರಿದು, ಸೂಪಾ, ಕೊಡಸಳ್ಳಿ, ಕದ್ರಾ ಅಣೆಕಟ್ಟುಗಳನ್ನು ದಾಟಿ ಬರುವ ಕಾಳಿ, ಹುಟ್ಟಿನಿಂದ ಕೊನೆಯವರೆಗೆ ನಮ್ಮ ಜಿಲ್ಲೆಯನ್ನು ಬಿಟ್ಟು ಹೊರಗೆ ಹೋಗಿಲ್ಲ. ದಾರಿಯ ಕಾಡನ್ನೆಲ್ಲ ತೊಳೆದ ನೀರು ಇಲ್ಲಿಗೆ ಬಂದು ಉಪ್ಪಾಗುತ್ತದೆ. ನಿಮ್ಮ ಮಗಳಿಗೆ ಭೂಗೋಳದ ಪಾಠವನ್ನು ಇದಕ್ಕಿಂತ ಚೆನ್ನಾಗಿ ಹೇಳಿಕೊಡುವ ಜಾಗ ನನಗೆ ತಿಳಿದಿಲ್ಲ.

ಈ ನಡಿಗೆಯನ್ನು ನಾನು ಕಂಡುಹಿಡಿದದ್ದಲ್ಲ. ನಮ್ಮ ದಂಡೆಗೆ ರವೀಂದ್ರನಾಥ ಟ್ಯಾಗೋರರ ಹೆಸರಿದೆ ಎಂಬುದು ಎಲ್ಲರಿಗೂ ಗೊತ್ತು, ಅವರು ಇಲ್ಲಿ ಏನು ಮಾಡಿದರು ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ಅವರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ, ಇನ್ನೂ ಇಪ್ಪತ್ತೆರಡರ ಆಸುಪಾಸಿನ ತರುಣರಾಗಿದ್ದ ರವೀಂದ್ರರು ಬಂದು ಕೆಲಕಾಲ ತಂಗಿದ್ದರು. ಒಂದು ಬೆಳದಿಂಗಳ ರಾತ್ರಿ ಮನೆಯವರೆಲ್ಲ ಸಣ್ಣ ದೋಣಿಯಲ್ಲಿ ಕಾಳಿಯ ಮೇಲಕ್ಕೆ ಹೋಗಿ, ಗುಡ್ಡದ ಕೋಟೆಯೊಂದರ ಬಳಿ ಇಳಿದು, ಒಬ್ಬ ರೈತನ ಮನೆಯಂಗಳದಲ್ಲಿ ಕುಳಿತು ಊಟ ಮಾಡಿದರಂತೆ. ಮರಳುವಾಗ ದೋಣಿಯನ್ನು ಹರಿವಿಗೆ ಬಿಟ್ಟುಕೊಂಡು ಬಂದದ್ದರಿಂದ ಅಳಿವೆ ಮುಟ್ಟುವಾಗ ಬಹಳ ತಡವಾಗಿತ್ತು. ಅಲ್ಲಿಯೇ ಇಳಿದು, ಮರಳಿನ ಮೇಲೆ ನಡೆದುಕೊಂಡು ಮನೆ ಸೇರಿದ್ದನ್ನು ಅವರು ತಮ್ಮ ನೆನಪುಗಳಲ್ಲಿ ಬರೆದುಕೊಂಡಿದ್ದಾರೆ. ಅಲೆಯೂ ಇರಲಿಲ್ಲ, ಯಾವಾಗಲೂ ಗುಯ್ಗುಡುವ ಗಾಳಿಮರಗಳೂ ಆ ರಾತ್ರಿ ಸುಮ್ಮನಿದ್ದವು ಎಂಬ ಅರ್ಥದ ಮಾತು ಅಲ್ಲಿದೆ. ಕೋಡಿಬಾಗದಿಂದ ಊರಿನ ಕಡೆಗೆ ಮರಳಿನ ಮೇಲೆ ನಡೆಯುವವರೆಲ್ಲರೂ ಅದೇ ದಿಕ್ಕಿನಲ್ಲಿ ಹೆಜ್ಜೆ ಹಾಕುತ್ತಾರೆ. ಇಲ್ಲಿದ್ದಾಗಲೇ ಅವರು 'ಪ್ರಕೃತಿಯ ಪ್ರತಿಶೋಧ' ನಾಟಕವನ್ನು ಬರೆದರು. ಲೋಕವನ್ನು ತೊರೆದ ಸಂನ್ಯಾಸಿಯೊಬ್ಬನನ್ನು ಒಂದು ಅನಾಥ ಹೆಣ್ಣುಮಗುವಿನ ಮೇಲಿನ ವಾತ್ಸಲ್ಯ ಮರಳಿ ಲೋಕಕ್ಕೆ ಎಳೆದು ತರುವ ಕಥೆ ಅದು.

ನಡೆಯುತ್ತ ಬರುವಾಗ ಅದೃಷ್ಟವಿದ್ದರೆ ರಂಪಣಿ ಎಳೆಯುವುದನ್ನು ಕಾಣುವಿರಿ. ಅದನ್ನು ಬಿಟ್ಟು ಮುಂದೆ ಹೋಗಬೇಡಿ. ದೋಣಿಯಲ್ಲಿ ಒಯ್ದು ಅರ್ಧಚಂದ್ರಾಕಾರವಾಗಿ ಹರಡಿದ ಬಲೆಯ ಎರಡು ತುದಿಯ ಹಗ್ಗಗಳು ದಂಡೆಯಲ್ಲಿ ಎರಡು ಗುಂಪುಗಳ ಕೈಯಲ್ಲಿರುತ್ತವೆ. ಎಳೆಯುವವರು ಸಮುದ್ರಕ್ಕೆ ಮುಖಮಾಡಿ ಹಿಮ್ಮೆಟ್ಟುತ್ತಾ ಹೋಗುತ್ತಾರೆ. ಸಾಲಿನ ಕಟ್ಟಕಡೆಯವನು ಹಗ್ಗವನ್ನು ಸುರುಳಿ ಸುತ್ತಿಟ್ಟು ನೀರಿನಂಚಿಗೆ ಓಡಿ ಮತ್ತೆ ಮೊದಲಿಗನಾಗುತ್ತಾನೆ. ಎರಡು ಗುಂಪುಗಳೂ ಗಳಿಗೆಗೊಮ್ಮೆ ಒಂದಿಷ್ಟು ಹತ್ತಿರವಾಗುತ್ತವೆ. ಬಲೆಯ ಹೊಟ್ಟೆ ದಡಕ್ಕೆ ಬರುವಾಗ ನೀರು ಕುದಿಯುವಂತೆ ಕಾಣುತ್ತದೆ, ಮೇಲೆ ಗರುಡಗಳು ಸುತ್ತತೊಡಗುತ್ತವೆ. ಒಂದು ದಿನ ಬಂಗಡೆ, ತಾರಲೆ ಬುಟ್ಟಿ ಬುಟ್ಟಿ ಸಿಕ್ಕರೆ, ಇನ್ನೊಂದು ದಿನ ಅಷ್ಟೂ ಜನ ಎಳೆದದ್ದಕ್ಕೆ ಮನೆಯ ಸಾರಿಗಾಗುವಷ್ಟೂ ಸಿಗುವುದಿಲ್ಲ.

ಉತ್ತರ (ನಿವೃತ್ತ ಇತಿಹಾಸ ಉಪನ್ಯಾಸಕ, ಕಾಜುಬಾಗ)

ಮೇಲಿನವರು ಹೇಳಿದ ದಾರಿಯೇ ಸರಿ. ಊರಿನ ಎದುರಿಗೆ ಬಂದ ಮೇಲೆ ಏನನ್ನು ನೋಡಬೇಕು ಎಂಬುದರ ಬಗ್ಗೆ ಸ್ವಲ್ಪ ಸೇರಿಸುತ್ತೇನೆ.

ಬಂಗಾಳದ ನ್ಯಾಯಾಧೀಶರು ಕಾರವಾರದಲ್ಲೇಕೆ ಇದ್ದರು ಎಂದು ನಿಮ್ಮ ಮಗಳು ಕೇಳಬಹುದು. ಮದ್ರಾಸ್ ಪ್ರಾಂತ್ಯದಲ್ಲಿದ್ದ ಉತ್ತರ ಕನ್ನಡವನ್ನು 1862ರಲ್ಲಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿ ಕಾರವಾರವನ್ನು ಜಿಲ್ಲಾ ಕೇಂದ್ರವನ್ನಾಗಿ ಮಾಡಲಾಯಿತು. ಭಾರತೀಯರಲ್ಲಿ ಮೊದಲಿಗರಾಗಿ ಐಸಿಎಸ್ (ಬ್ರಿಟಿಷರ ಕಾಲದ ಉನ್ನತ ಆಡಳಿತ ಸೇವೆಯ ಪರೀಕ್ಷೆ) ತೇರ್ಗಡೆಯಾದ ಸತ್ಯೇಂದ್ರನಾಥರು ಸೇವೆಗೆ ನಿಯುಕ್ತರಾದದ್ದು ಮುಂಬಯಿ ಪ್ರಾಂತ್ಯಕ್ಕೆ. ಹೀಗಾಗಿ ಅವರು ಇಲ್ಲಿಗೆ ಬಂದರು, ಅವರ ಹಿಂದೆ ತಮ್ಮನೂ ಬಂದರು. ನೀವು ಕಾಣುವ ಈ ಊರು ಆ ಕಾಲದಿಂದೀಚೆಗೆ ಬೆಳೆದದ್ದು. ಹಳೆಯ ದಾಖಲೆಗಳಲ್ಲಿ ಕಾರವಾರವೆಂದರೆ ಕಾಳಿಯ ದಂಡೆಯ ಮೇಲೆ ಒಳನಾಡಿಗಿರುವ ಕಡವಾಡ. ಅಲ್ಲಿ ಇಂಗ್ಲಿಷ್ ವರ್ತಕರು 1638ರಲ್ಲಿ ಕೋಠಿ (ವ್ಯಾಪಾರದ ಮಳಿಗೆ) ತೆರೆದು ಮೆಣಸು ಮತ್ತು ಮಸ್ಲಿನ್ ಬಟ್ಟೆಯ ವ್ಯಾಪಾರ ನಡೆಸಿದರು. 1665ರಲ್ಲಿ ಶಿವಾಜಿ ಮಹಾರಾಜರು ಈ ಕಡೆಗೆ ಬಂದಾಗ ಆ ವರ್ತಕರೂ ಕಾಣಿಕೆ ತೆರಬೇಕಾಯಿತು. ನಿಮ್ಮ ಶಿರಸಿಯ ಮೆಣಸಿಗೂ ಈ ಅಳಿವೆಗೂ ಹಳೆಯ ನಂಟು ಎಂಬುದನ್ನು ಆಯಿಗೆ ಹೇಳಿ, ಮೆಣಸಿನ ಬಳ್ಳಿ ಕಟ್ಟಿದವರಿಗೆ ಅದು ಬೇಗ ಅರ್ಥವಾಗುತ್ತದೆ.

ಯುದ್ಧನೌಕೆಯ ವಸ್ತುಸಂಗ್ರಹಾಲಯದ ಬಗ್ಗೆ ಒಂದು ತಿದ್ದುಪಡಿ ಅಗತ್ಯ. ಐಎನ್‌ಎಸ್ ಚಪಲ್ ಎಂಬ ಈ ನೌಕೆ 1971ರ ಯುದ್ಧದಲ್ಲಿ ಕರಾಚಿಯ ಮೇಲೆ ದಾಳಿ ಮಾಡಿತ್ತು ಎಂದು ದಂಡೆಯಲ್ಲಿ ಹೇಳುವವರಿದ್ದಾರೆ. ಅದು ನಿಜವಲ್ಲ. ಆ ದಾಳಿಗೆ ಹೋದವು ಅದೇ ಮಾದರಿಯ ಮೊದಲ ತಲೆಮಾರಿನ ದೋಣಿಗಳಾದ ನಿಪಾತ್, ನಿರ್ಘಾತ್ ಮತ್ತು ವೀರ್. ಚಪಲ್ ನೌಕಾಪಡೆಗೆ ಸೇರಿದ್ದೇ 1976ರಲ್ಲಿ, ನಿವೃತ್ತಿಯಾದದ್ದು 2005ರಲ್ಲಿ. ಮಕ್ಕಳಿಗೆ ತೋರಿಸುವಾಗ ಸರಿಯಾದದ್ದನ್ನೇ ಹೇಳಬೇಕು ಎಂಬ ಕಾಳಜಿಯಿಂದ ಇದನ್ನು ಬರೆಯುತ್ತಿದ್ದೇನೆ. ಸುಮಾರು 39 ಮೀಟರ್ ಉದ್ದದ, ನಾಲ್ಕು ಕ್ಷಿಪಣಿಗಳನ್ನು ಹೊರುತ್ತಿದ್ದ ಈ ಸಣ್ಣ ಹಡಗಿನ ಒಳಗೆ ತಲೆ ಬಗ್ಗಿಸಿ ದಾಟಬೇಕಾದ ಬಾಗಿಲುಗಳಿವೆ, ಕಡಿದಾದ ಉಕ್ಕಿನ ಏಣಿಗಳಿವೆ. ಬಿಸಿಲೇರಿದಾಗ ಒಳಗೆ ಕಾದ ಬಾಣಲೆಯಂತಿರುತ್ತದೆ. ಆದ್ದರಿಂದ ಅದನ್ನು ಸಂಜೆಗೆ ಇಟ್ಟುಕೊಳ್ಳಿ, ಆಯಿ ಹೊರಗೆ ಕುಳಿತಿರಲಿ, ಮಗಳು ಒಳಗೆ ಹೋಗಿ ಬರಲಿ. ಪಕ್ಕದಲ್ಲಿಯೇ ನೌಕಾಪಡೆಯ ಟುಪೊಲೆವ್ ಕಣ್ಗಾವಲು ವಿಮಾನವನ್ನೂ ನಿಲ್ಲಿಸಿದ್ದಾರೆ.

ಆದರೆ ನನ್ನ ದೃಷ್ಟಿಯಲ್ಲಿ ಹಡಗಿಗಿಂತ ಹೆಚ್ಚು ಹೊತ್ತು ನಿಲ್ಲಬೇಕಾದದ್ದು ಅದರ ಸಮೀಪದಲ್ಲಿರುವ ಪ್ರತಿಮೆಯ ಎದುರು. ಪರಮವೀರ ಚಕ್ರ ಪಡೆದ ರಾಮ ರಾಘೋಬ ರಾಣೆಯವರು ನಮ್ಮ ತಾಲ್ಲೂಕಿನ ಚೆಂಡಿಯಾದವರು, 1918ರಲ್ಲಿ ಹುಟ್ಟಿದವರು. 1948ರ ಏಪ್ರಿಲ್ 8ರಿಂದ 11ರವರೆಗೆ ಜಮ್ಮು-ಕಾಶ್ಮೀರದ ನೌಶೇರಾದಿಂದ ರಜೌರಿಗೆ ಹೋಗುವ ದಾರಿಯಲ್ಲಿ ಶತ್ರು ಉರುಳಿಸಿದ್ದ ಮರಗಳನ್ನೂ ಹೂತಿಟ್ಟಿದ್ದ ನೆಲಬಾಂಬುಗಳನ್ನೂ ತೆರವುಗೊಳಿಸಿ ಟ್ಯಾಂಕುಗಳಿಗೆ ದಾರಿ ಮಾಡಿಕೊಟ್ಟವರು. ಮೊದಲ ದಿನವೇ ಗಾಯಗೊಂಡಿದ್ದರೂ ಹಿಂದೆ ಸರಿಯಲಿಲ್ಲ. ಗುಂಡಿನ ಮಳೆ ಸುರಿಯುತ್ತಿದ್ದಾಗ, ಚಲಿಸುವ ಟ್ಯಾಂಕಿನ ಅಡಿಯಲ್ಲಿಯೇ ತೆವಳುತ್ತಾ, ಹಗ್ಗ ಎಳೆದು ಚಾಲಕನಿಗೆ ಸನ್ನೆ ಮಾಡುತ್ತಾ ಅವರು ಮುಂದೆ ಸಾಗಿದರು. ಪ್ರತಿಮೆ ಅನಾವರಣಗೊಂಡದ್ದು 2006ರ ನವೆಂಬರ್ 7ರಂದು. ಅದರ ಮುಂದೆ ಬೆನ್ನು ತಿರುಗಿಸಿ ನಿಂತು ಹಡಗಿನ ಫೋಟೊ ತೆಗೆದುಕೊಳ್ಳುವವರನ್ನು ಕಂಡಾಗ ನನಗೆ ನಿಜವಾಗಿಯೂ ನೋವಾಗುತ್ತದೆ.

ಉತ್ತರ (ಸದಾಶಿವಗಡದ ಓದುಗ)

ಸದಾಶಿವಗಡಕ್ಕೆ ನಡೆದು ಹೋಗಬಹುದೇ ಎಂಬ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ. ಬೇಡ ಎಂಬುದೇ ನನ್ನ ಸ್ಪಷ್ಟ ಸಲಹೆ. ಕಾಳಿಯ ಹಳೆಯ ಸೇತುವೆ 2024ರ ಆಗಸ್ಟ್ 7ರ ನಸುಕಿನಲ್ಲಿ ಕುಸಿದು ಬಿದ್ದದ್ದು ನಿಮಗೆ ನೆನಪಿರಬಹುದು. ಅದರ ಮೇಲಿದ್ದ ಲಾರಿಯೊಂದು ನದಿಗೆ ಬಿತ್ತು, ಅದರ ಚಾಲಕರನ್ನು ರಾತ್ರೋರಾತ್ರಿ ಪಾರು ಮಾಡಿದರು. ಅಲ್ಲಿಂದೀಚೆಗೆ ಗೋವಾ ಕಡೆಗೆ ಹೋಗುವ, ಬರುವ ವಾಹನಗಳ ಒತ್ತಡವೆಲ್ಲ ಹೊಸ ಸೇತುವೆಯ ಮೇಲೆ ಬಿದ್ದಿದೆ. ವಯಸ್ಸಾದವರನ್ನೂ ಮಗುವನ್ನೂ ಕರೆದುಕೊಂಡು ಅದರ ಮೇಲೆ ನಡೆಯುವುದು ಕ್ಷೇಮವಲ್ಲ. ಬಸ್ ನಿಲ್ದಾಣದಿಂದ ಸದಾಶಿವಗಡದ ಕಡೆಗೆ ಬಸ್ಸುಗಳಿವೆ, ಆಟೊ ಕೂಡ ಸಿಗುತ್ತದೆ.

ಆದರೆ ಗಡವನ್ನು ಬಿಟ್ಟುಬಿಡಿ ಎನ್ನಲಾರೆ. ಕೋಡಿಬಾಗದವರ ಮಾತಿಗೆ ಸ್ವಲ್ಪ ಭಿನ್ನವಾಗಿ ಹೇಳುವುದಾದರೆ, ಬಂದು ತಲುಪುವ ದಿನ ಸಂಜೆಗೇ ಗುಡ್ಡ ಹತ್ತಿ ಬಿಡುವುದು ಒಳ್ಳೆಯದು. ಮೇಲೆ ನಿಂತರೆ ಮರುದಿನ ನಡೆಯಬೇಕಾದ ಇಡೀ ದಾರಿ ಕಾಲಡಿಯಲ್ಲಿ ಹರಡಿರುತ್ತದೆ. ನದಿ ಅಗಲವಾಗಿ ಸಮುದ್ರಕ್ಕೆ ಸೇರುವುದು, ಅದರಾಚೆ ಮರಳ ದಂಡೆ ಬಾಗಿ ಹೋಗುವುದು, ಕೂರ್ಮಗಡ ಮತ್ತು ದೇವಗಡ ದ್ವೀಪಗಳು, ಎಲ್ಲವೂ ಕಾಣುತ್ತವೆ. ಕತ್ತಲಾದ ಮೇಲೆ ದೇವಗಡದ ದೀಪಸ್ತಂಭ ಮಿನುಗುತ್ತದೆ. 1864ರಿಂದ ಅಲ್ಲಿ ದೀಪಸ್ತಂಭವಿದೆ. ಗಡದ ಹೆಸರಿನಲ್ಲಿ ನಿಮ್ಮ ಪಾಲೂ ಇದೆ. ಇದನ್ನು ಕಟ್ಟಿಸಿದವರು ಶಿರಸಿಯ ಬಳಿಯ ಸೋದೆಯ ಅರಸರು, ಬಸವಲಿಂಗ ರಾಜ ತನ್ನ ತಂದೆ ಸದಾಶಿವಲಿಂಗನ ಹೆಸರನ್ನು ಇದಕ್ಕಿಟ್ಟ. ಸೋದೆಗೆ ಹೋಗಿ ಬಂದವರು ಅದೇ ಮನೆತನ ಸಮುದ್ರದಂಚಿನವರೆಗೆ ಕೈಚಾಚಿತ್ತು ಎಂಬುದನ್ನು ಇಲ್ಲಿ ನಿಂತು ಕಾಣಬಹುದು. ಕೋಟೆಯ ಗೋಡೆಗಳು ಹೆಚ್ಚೇನೂ ಉಳಿದಿಲ್ಲ, ಹೆದ್ದಾರಿಗಾಗಿ ಗುಡ್ಡವನ್ನೇ ಸೀಳಿದ್ದಾರೆ. ದುರ್ಗಾದೇವಿಯ ದೇವಸ್ಥಾನ ಮತ್ತು ದರ್ಗಾ ಎರಡಕ್ಕೂ ಜನ ನಡೆದುಕೊಳ್ಳುತ್ತಾರೆ.

ಮಧ್ಯಾಹ್ನದ ಬಗ್ಗೆ ಒಂದು ಮಾತು. ಹನ್ನೊಂದರಿಂದ ನಾಲ್ಕರವರೆಗೆ ಕಾರವಾರದಲ್ಲಿ ನೋಡಲು ಏನೂ ಇಲ್ಲ ಎಂದುಕೊಂಡು ಕೋಣೆಗೆ ಮರಳಿ ಮಲಗಿ. ಬಸ್ ನಿಲ್ದಾಣದ ಆಸುಪಾಸಿನಲ್ಲಿ ಸಸ್ಯಾಹಾರದ ಊಟ ಸಿಗುತ್ತದೆ. ಮುರುಗಲು (ಕೋಕಂ) ಹಣ್ಣಿನ ಸಿಪ್ಪೆ ಮತ್ತು ತೆಂಗಿನಹಾಲಿನ ಸೋಲ್ ಕಡಿಯನ್ನು ಕೇಳಿ ಪಡೆಯಿರಿ. ನಿಮ್ಮ ಮನೆಯ ಮುರುಗಲು ಸಾರಿಗಿಂತ ಅದರ ರುಚಿ ಬೇರೆ, ಬಣ್ಣ ಎಳೆಯ ಗುಲಾಬಿಯದು.

ಉತ್ತರ (ಅಲಿಗದ್ದಾದವಳು, ಮೀನುಗಾರರ ಮನೆಯ ಮಗಳು)

ಅಕ್ಕ, ಎಲ್ಲರೂ ಚೆನ್ನಾಗಿ ಬರೆದಿದ್ದಾರೆ. ದಂಡೆಯಲ್ಲಿ ಬದುಕುವವರ ಕಡೆಯಿಂದ ನಾನೂ ಕೆಲವು ಮಾತು ಹೇಳಬೇಕೆನಿಸಿತು.

ನೀವು ಸಸ್ಯಾಹಾರಿಗಳೆಂದು ಮೀನು ಪೇಟೆಯನ್ನು ದಾಟಿ ಹೋಗಬೇಡಿ, ದೂರದಿಂದಲಾದರೂ ನೋಡಿ. ನಮ್ಮ ಅಜ್ಜಿ, ಅಮ್ಮ, ಚಿಕ್ಕಮ್ಮ ಎಲ್ಲರೂ ಬುಟ್ಟಿ ಇಟ್ಟುಕೊಂಡು ಕುಳಿತು ಸಂಸಾರ ನಡೆಸಿದವರು. ಸಮುದ್ರಕ್ಕೆ ಹೋಗುವುದು ಗಂಡಸರಾದರೂ ಮೀನನ್ನು ದುಡ್ಡಾಗಿ ಮಾಡುವವರು ಹೆಂಗಸರು. ಕಾಳಿಯ ಕೆಸರಿನಲ್ಲಿ ಕೈಯಾಡಿಸಿ ತಿಸ್ರೆ ಎಂಬ ಚಿಪ್ಪುಮೀನು ಆರಿಸಿ ತರುವವರಲ್ಲಿಯೂ ಹೆಂಗಸರೇ ಹೆಚ್ಚು. ಇಳಿತದ ಹೊತ್ತಿನಲ್ಲಿ ಮೊಣಕಾಲವರೆಗಿನ ನೀರಿನಲ್ಲಿ ಬಗ್ಗಿ ನಿಂತು, ಕಾಲ ಬೆರಳಿನಿಂದಲೇ ಚಿಪ್ಪು ಎಲ್ಲಿದೆಯೆಂದು ತಿಳಿದು ತೆಗೆಯುತ್ತಾರೆ. ಫೋಟೊ ತೆಗೆಯುವ ಮುನ್ನ ಒಂದು ಮಾತು ಕೇಳಿದರೆ ಯಾರೂ ಬೇಡವೆನ್ನುವುದಿಲ್ಲ. ಕೇಳದೆ ತೆಗೆದರೆ ಮುಖ ತಿರುಗಿಸುತ್ತಾರೆ, ಅದು ಸಹಜ.

ದಂಡೆಯ ಮೇಲೆ ಒಣಗಲು ಹಾಕಿದ ಬಲೆಯನ್ನು ತುಳಿದು ನಡೆಯಬೇಡಿ. ಹರಿದ ಒಂದು ಕಣ್ಣನ್ನು ಹೊಲಿಯಲು ಮನೆಯವರು ಅರ್ಧ ದಿನ ಕೂರುತ್ತಾರೆ. ರಂಪಣಿ ಎಳೆಯುವಾಗ ನಿಮ್ಮ ಮಗಳು ಹಗ್ಗಕ್ಕೆ ಕೈ ಹಾಕಿದರೆ ಸಂತೋಷವೇ, ಆದರೆ ಸಾಲಿನ ಹೊರಗೆ ನಿಲ್ಲಲಿ, ಎರಡು ಹಗ್ಗಗಳ ನಡುವೆ ಹೋಗಬಾರದು.

ದ್ವೀಪಕ್ಕೆ ದೋಣಿಯಲ್ಲಿ ಹೋಗುವ ಆಸೆ ಬಂದರೆ, ಜೀವರಕ್ಷಕ ಜಾಕೆಟ್ ಎಲ್ಲರಿಗೂ ಸಾಲುವಷ್ಟು ಇದೆಯೇ, ದೋಣಿಯಲ್ಲಿ ಎಷ್ಟು ಜನರನ್ನು ಹತ್ತಿಸುತ್ತಾರೆ ಎಂಬುದನ್ನು ನೀವೇ ಕಣ್ಣಾರೆ ನೋಡಿ, ಸಂಶಯವಿದ್ದರೆ ಹಿಂದಿರುಗಿ. 2019ರ ಜನವರಿ 21ರಂದು ಕೂರ್ಮಗಡದ ನರಸಿಂಹ ದೇವರ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಜನರು ತೀರಿಕೊಂಡರು. ಆ ದಿನ ಈ ದಂಡೆಯಲ್ಲಿ ನಿಂತವರು ಅದನ್ನು ಮರೆಯಲಾರರು. ನಡೆದು ನೋಡುವ ದಿನಕ್ಕೆ ದೋಣಿಯ ಅಗತ್ಯವೂ ಇಲ್ಲ.

ನೀವು ಮುಟ್ಟುವ ಕೊನೆಯ ತುದಿ ನಮ್ಮ ಬೈತಖೋಲ. ಅಲ್ಲಿ ಬಂದರು ಬೆಳೆಸಲು ಅಲೆತಡೆ ಗೋಡೆ ಕಟ್ಟುವ ಕೆಲಸ ಶುರುವಾದಾಗ 2020ರ ಜನವರಿಯಲ್ಲಿ ಊರೇ ಬೀದಿಗಿಳಿದಿತ್ತು. ಉಳಿದಿರುವ ಈ ಒಂದು ದಂಡೆಯೂ ಹೋದರೆ ರಂಪಣಿ ಎಳೆಯುವುದೆಲ್ಲಿ, ನಾಡದೋಣಿ ಏರಿಸುವುದೆಲ್ಲಿ ಎಂಬುದೇ ನಮ್ಮ ಪ್ರಶ್ನೆಯಾಗಿತ್ತು. ಇದಕ್ಕೂ ಹಿಂದೆ ಅರಗಾದ ನೌಕಾನೆಲೆಗಾಗಿ ದಕ್ಷಿಣದ ಹಲವು ಊರುಗಳು ತಮ್ಮ ದಂಡೆಯನ್ನು ಬಿಟ್ಟುಕೊಟ್ಟಿವೆ, 1986ರ ಅಕ್ಟೋಬರ್ 24ರಂದು ಅದಕ್ಕೆ ಅಡಿಗಲ್ಲು ಬಿದ್ದಿತ್ತು. ನೀವು ಬೆಳಿಗ್ಗೆ ಒಂದೂ ತಡೆಯಿಲ್ಲದೆ ನಡೆಯುವ ಮರಳು ಹೀಗೆ ಉಳಿದುಕೊಂಡದ್ದು ಎಂದು ನಿಮ್ಮ ಮಗಳಿಗೆ ತಿಳಿದಿರಲಿ ಎಂದು ಬರೆದೆ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಕಳೆದ ವಾರ ಹೋಗಿ ಬಂದೆವು. ನೀವು ಇಷ್ಟು ಅಕ್ಕರೆಯಿಂದ ಬರೆದಿರುವಾಗ ಹೇಗಾಯಿತೆಂದು ತಿಳಿಸದಿರುವುದು ಸರಿಯಲ್ಲ.

ಸದಾಶಿವಗಡದ ಸಲಹೆಯನ್ನು ಪಾಲಿಸಲಾಗಲಿಲ್ಲ. ಶಿರಸಿಯಿಂದ ಹೊರಟ ಬಸ್ಸು ಘಟ್ಟದಲ್ಲಿ ಕೆಟ್ಟು ನಿಂತು, ಇನ್ನೊಂದು ಬರುವವರೆಗೆ ಎರಡು ಗಂಟೆ ಕಾಯಬೇಕಾಯಿತು. ಕಾರವಾರ ಮುಟ್ಟುವಾಗ ರಾತ್ರಿಯಾಗಿತ್ತು. ಗಡವನ್ನು ಮುಂದಿನ ಸಲಕ್ಕೆ ಉಳಿಸಿಕೊಂಡಿದ್ದೇವೆ. ಆದರೆ ಬೆಳಿಗ್ಗೆ ಆರೂಮುಕ್ಕಾಲಿಗೆ ಕೋಡಿಬಾಗದಲ್ಲಿದ್ದೆವು, ಇಳಿತದ ಹೊತ್ತೂ ಅನುಕೂಲವಾಗಿ ಬಂದಿತ್ತು. ಗಾಳಿಮರದ ನೆರಳು ನೀವು ಹೇಳಿದಂತೆಯೇ ಮರಳಿನ ಮೇಲೆ ಬಿದ್ದಿತ್ತು, ಮಗಳು ಒಂದೊಂದು ಮರದ ನೆರಳನ್ನೂ ಹೆಜ್ಜೆಯಿಂದ ಅಳೆಯುತ್ತಾ ಬಂದಳು. ಮೊದಲಿಗೆ ಹದಿನೆಂಟು ಹೆಜ್ಜೆ ಇದ್ದದ್ದು ಊರಿನ ಎದುರಿಗೆ ಬರುವಾಗ ಏಳಕ್ಕೆ ಇಳಿದಿತ್ತು.

ನಮ್ಮ ದಿನ ರಂಪಣಿಗೆ ಹೆಚ್ಚೇನೂ ಸಿಗಲಿಲ್ಲ. ಎರಡು ಬುಟ್ಟಿಯ ತಳ ಮುಚ್ಚುವಷ್ಟು ಸಣ್ಣ ಮೀನು. ಅಷ್ಟು ಹೊತ್ತು ಎಳೆದವರು ಒಂದು ಮಾತೂ ಆಡದೆ ಬಲೆಯನ್ನು ಮಡಚತೊಡಗಿದಾಗ ಆಯಿಗೆ ತಡೆಯಲಾಗಲಿಲ್ಲ. ಅಡಿಕೆಗೆ ಕೊಳೆ ಬಂದ ವರ್ಷದ ನೆನಪಾಯಿತೆಂದರು. ಅಲ್ಲಿದ್ದ ವಯಸ್ಸಾದ ಹೆಂಗಸೊಬ್ಬರು ಕೊಂಕಣಿಯಲ್ಲಿಯೂ ಆಯಿ ನಮ್ಮ ಹವ್ಯಕ ಮಾತಿನಲ್ಲಿಯೂ ಬಹಳ ಹೊತ್ತು ಮಾತನಾಡಿಕೊಂಡರು. ಒಬ್ಬರ ಮಾತು ಒಬ್ಬರಿಗೆ ಎಷ್ಟು ತಿಳಿಯಿತೋ, ಮಾತು ಮಾತ್ರ ನಿಲ್ಲಲಿಲ್ಲ. ಏಳುವಾಗ ಆಯಿ ತಮ್ಮ ಸಂಚಿಯಿಂದ ಎರಡು ಹಿಡಿ ಮನೆಯ ಅಡಿಕೆ ತೆಗೆದು ಅವರ ಕೈಗಿಟ್ಟರು.

ಸಂಜೆ ರಾಣೆಯವರ ಪ್ರತಿಮೆಯ ಎದುರು ಮಗಳಿಗೆ ಟ್ಯಾಂಕಿನ ಕಥೆ ಹೇಳಿದೆ. ಬೈತಖೋಲದವರೆಗೆ ಹೋಗಲಿಲ್ಲ, ಆಯಿಯ ಕಾಲು ಅಷ್ಟರಲ್ಲಿ ಸೋತಿತ್ತು. ಯುದ್ಧನೌಕೆಯ ಎದುರಿನ ಮರಳಿನಲ್ಲಿ ಸೀರೆಯ ನೆರಿಗೆಯನ್ನು ಸ್ವಲ್ಪ ಮೇಲೆತ್ತಿ ಹಿಡಿದುಕೊಂಡು, ಸೂರ್ಯ ಮುಳುಗುವವರೆಗೆ ಅವರು ನೀರಿನಂಚಿನಲ್ಲಿಯೇ ನಿಂತಿದ್ದರು.